ಬೇಸಿಗೆ ರಜೆ, ಹಿತ್ತಿಲಿನ ಗಿಡ ಮತ್ತು ಬಣ್ಣದ ಪೆಟ್ಟಿಗೆ

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಶಾಲೆಗಳ ಬಾಗಿಲು ಮುಚ್ಚುತ್ತದೆ. ಮೇ ತಿಂಗಳ ಕೊನೆಯವರೆಗೆ ಅದು ತೆರೆಯುವುದಿಲ್ಲ. ಈ ಸುಮಾರು ಏಳು ವಾರಗಳ ಕಾಲ ಮಕ್ಕಳನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕೆಂಬ ಪ್ರಶ್ನೆ ಪ್ರತಿ ವರ್ಷವೂ ನಮ್ಮ ಮಾತಾಪಿತರನ್ನು ಕಾಡುತ್ತದೆ. ಬೆಳಗಿನ ಮಕ್ತಬ್ ಮುಗಿದ ಮೇಲೆ ಉಳಿಯುವ ಹೊತ್ತು ದೊಡ್ಡದು. ಹೊರಗೆ ಬಿಸಿಲು, ಒಳಗೆ ಮೊಬೈಲ್. ಬಿಸಿಲಿಗೆ ಹೆದರಿ ಮಕ್ಕಳನ್ನು ಒಳಗೆ ಕರೆಯುತ್ತೇವೆ, ಮೊಬೈಲಿಗೆ ಹೆದರಿ ಹೊರಗೆ ಕಳುಹಿಸುತ್ತೇವೆ. ಇವೆರಡರ ನಡುವೆ ಮತ್ತೊಂದು ದಾರಿಯಿದೆ ಎಂಬುದು ನಮ್ಮ ಅಭಿಪ್ರಾಯ. ಮನೆಯ ಹಿತ್ತಿಲಿನಲ್ಲಿ ನಾಲ್ಕು ಗಿಡ ಬೆಳೆಸುವುದು, ಮತ್ತು ಆ ಗಿಡಗಳನ್ನೇ ನೋಡಿ ಚಿತ್ರ ಬರೆಯಲು ಕಲಿಯುವುದು. ಮೊದಲನೆಯದನ್ನು ಎಲ್ಲರೂ ಒಪ್ಪುತ್ತಾರೆ. ಎರಡನೆಯದನ್ನು ಹೇಳಿದೊಡನೆ ಅನೇಕ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಆ ಗಂಟನ್ನು ಬಿಡಿಸುವುದೇ ಈ ಲೇಖನದ ಉದ್ದೇಶ.

ಶಿಗ್ಗಾವಿ ತಾಲ್ಲೂಕಿನ ನಮ್ಮ ದುಂಡಸಿ ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ಜಾಗದಲ್ಲಿದೆ. ಪಶ್ಚಿಮಕ್ಕೆ ಹೋದರೆ ಮುಂಡಗೋಡದ ಕಾಡು, ಪೂರ್ವಕ್ಕೆ ಹೋದರೆ ಸವಣೂರಿನ ಕಡೆಯ ಎರೆಹೊಲ. ಮಳೆಗಾಲದಲ್ಲಿ ಗೋವಿನಜೋಳ, ಹತ್ತಿ, ಭತ್ತಗಳಿಂದ ತುಂಬಿರುವ ಭೂಮಿ ಬೇಸಿಗೆಯಲ್ಲಿ ಬರಿದಾಗಿರುತ್ತದೆ. ಹಾನಗಲ್ಲಿನ ಮಾವು ಸಂತೆಗೆ ಬರುತ್ತದೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಒಣಗುತ್ತವೆ. ಹನ್ನೊಂದು ಗಂಟೆಯಾಯಿತೆಂದರೆ ಓಣಿಗಳಲ್ಲಿ ಜನಸಂಚಾರವಿರುವುದಿಲ್ಲ. ಇಂಥ ಊರಿನಲ್ಲಿ ಬೇಸಿಗೆ ಶಿಬಿರಗಳಿಲ್ಲ, ಈಜುಕೊಳಗಳಿಲ್ಲ, ಚಿತ್ರಕಲೆಯ ತರಗತಿಗಳೂ ಇಲ್ಲ. ಆದರೆ ಬಹುತೇಕ ಮನೆಗಳ ಹಿಂದೆ ಒಂದು ಹಿತ್ತಿಲಿದೆ. ಹಿತ್ತಿಲಿಲ್ಲದ ಮನೆಗೆ ಮಾಳಿಗೆಯೋ ಕಟ್ಟೆಯೋ ಇದೆ. ನಮ್ಮ ಮಾತಿಗೆ ಅಷ್ಟು ಸ್ಥಳ ಸಾಕು.

ಗಿಡ ನೆಡುವುದನ್ನು ನಮ್ಮ ಧರ್ಮವು ಹೊತ್ತು ಕಳೆಯುವ ಹವ್ಯಾಸವೆಂದು ಪರಿಗಣಿಸಿಲ್ಲ. ಸತ್ಯವಿಶ್ವಾಸಿಯೊಬ್ಬನು ಗಿಡ ನೆಟ್ಟರೆ ಅಥವಾ ಬೀಜ ಬಿತ್ತಿದರೆ, ಅದರಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದದ್ದೆಲ್ಲವೂ ಅವನ ಪಾಲಿಗೆ ಸದಕಾ ಆಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅನಸ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಇದರ ಅರ್ಥವನ್ನು ಮಗುವಿಗೆ ಪುಸ್ತಕದಿಂದ ಹೇಳಿದರೆ ಒಂದು ಪಾಠವಾಗುತ್ತದೆ, ಅಷ್ಟೆ. ಅದೇ ಮಗು ತಾನು ಒಂದು ತಿಂಗಳು ನೀರುಣಿಸಿದ ಟೊಮೆಟೊ ಗಿಡದ ಮೊದಲ ಹಣ್ಣನ್ನು ಹಕ್ಕಿ ಕುಕ್ಕಿದ ಬೆಳಿಗ್ಗೆ ಅಳುತ್ತಾ ಬಂದಾಗ, ಈ ಹಣ್ಣು ನಿನ್ನ ಲೆಕ್ಕಕ್ಕೆ ಜಮೆಯಾಯಿತು ಎಂದು ಹೇಳಿ ನೋಡಿ. ಸದಕಾ ಎಂಬ ಪದ ಆ ಮಗುವಿನ ಮನಸ್ಸಿನಲ್ಲಿ ಅಂದು ಬೇರೂರುತ್ತದೆ. ಕೊಡುವುದೆಂದರೆ ಕಳೆದುಕೊಳ್ಳುವುದಲ್ಲ ಎಂಬ ವಿಶ್ವಾಸ ಸಣ್ಣ ನಷ್ಟಗಳಿಂದಲೇ ಬೆಳೆಯಬೇಕು.

ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ, ಗಿಡಕ್ಕೆಲ್ಲಿಂದ ತರುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. 2023ರಲ್ಲಿ ಸರಕಾರವು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತ್ತು. ಅದರ ಮರುಬೇಸಿಗೆಯಲ್ಲಿ ಕೊಡಗಳ ಸಾಲನ್ನು ಕಂಡವರಾರೂ ನೀರಿನ ವಿಷಯದಲ್ಲಿ ಹಗುರವಾಗಿ ಮಾತನಾಡಲಾರರು. ಆದರೆ ಹಿತ್ತಿಲಿಗೆ ಹೊಸ ನೀರು ಬೇಕಿಲ್ಲ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಅನಸ್(ರ) ತಿಳಿಸಿದ್ದಾರೆ. ಇಂದಿನ ಅಳತೆಯಲ್ಲಿ ಅದು ಮುಕ್ಕಾಲು ಲೀಟರಿನ ಆಸುಪಾಸು. ನಲ್ಲಿ ಬಿಟ್ಟು ವುಝೂ ಮಾಡುವ ನಾವು ಅದರ ಎಷ್ಟು ಪಟ್ಟು ಚರಂಡಿಗೆ ಹರಿಸುತ್ತೇವೆಂಬುದನ್ನು ಒಂದು ಬಕೀಟು ಇಟ್ಟು ಅಳೆದು ನೋಡಬೇಕು. ಆರು ಜನರಿರುವ ಮನೆಯಲ್ಲಿ ದಿನಕ್ಕೆ ಐದು ಸಲ, ಒಬ್ಬೊಬ್ಬರು ಒಂದೊಂದೇ ಲೀಟರ್ ಬಳಸಿದರೂ 30 ಲೀಟರ್ ಆಗುತ್ತದೆ. ಸಾಬೂನು ಸೇರದ ಆ ನೀರು ಹತ್ತು ಹನ್ನೆರಡು ಕುಂಡಗಳಿಗೆ ಸಾಕಾಗುವಷ್ಟು. ಅಕ್ಕಿ, ಬೇಳೆ, ಕಾಯಿಪಲ್ಯೆ ತೊಳೆದ ನೀರು ಬೇರೆ ಇದೆ. ವುಝೂ ಮಾಡುವ ಕಲ್ಲಿನಿಂದ ಗಿಡದ ಬುಡಕ್ಕೆ ಒಂದು ಸಣ್ಣ ಕಾಲುವೆ ತೆಗೆಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ನೀರಿನ ಮಿತವ್ಯಯದ ಕುರಿತು ಹತ್ತು ಪ್ರವಚನಗಳಿಗಿಂತ ಆ ಕಾಲುವೆ ಹೆಚ್ಚು ಕಲಿಸುತ್ತದೆ.

ನಮ್ಮ ಹಿರಿಯರು ಅರಿತಿದ್ದ ಇನ್ನೊಂದು ಉಪಾಯವಿದೆ. ಹೊಳಪು ಬಳಿಯದ ಮಣ್ಣಿನ ಗಡಿಗೆಯನ್ನು ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳವಿಡುವುದು. ಗಡಿಗೆಯ ಗೋಡೆಯಿಂದ ನೀರು ನಿಧಾನವಾಗಿ ಜಿನುಗುತ್ತದೆ. ಮಣ್ಣು ಒಣಗಿದಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ, ಹಸಿಯಾಗಿದ್ದರೆ ಕಡಿಮೆ. ಬುಡದ ಸುತ್ತ ಒಣ ಎಲೆ ಅಥವಾ ಗೋವಿನಜೋಳದ ಸಿಪ್ಪೆಯನ್ನು ಹೊದಿಸಿದರೆ ಬಿಸಿಲು ನೀರನ್ನು ಕದಿಯುವುದಿಲ್ಲ. ಬೇಸಿಗೆಯಲ್ಲಿ ಬೆಂಡೆ, ಹೀರೆ, ರಾಜಗಿರಿ ಸೊಪ್ಪು ಚೆನ್ನಾಗಿ ಬರುತ್ತವೆ. ಪುದೀನಕ್ಕೆ ಅರೆನೆರಳು ಬೇಕು. ಕೊತ್ತಂಬರಿ ಬಿಸಿಲಿಗೆ ಬೇಗ ಹೂವಿಗೆ ಬರುವುದರಿಂದ ಮೊದಲ ಸಲ ಕಲಿಯುವ ಮಗುವಿಗೆ ಅದನ್ನು ಕೊಡಬಾರದು. ಮೊದಲ ಪ್ರಯತ್ನದಲ್ಲೇ ನಿರಾಶೆಯಾದರೆ ಎರಡನೆಯ ಬೀಜವನ್ನು ಅದು ಬಿತ್ತುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಯಾರ ತಕರಾರೂ ಇರದು. ಆದರೆ ಗಿಡ ಬೆಳೆಸುವ ಮಗು ಗಿಡವನ್ನು ನೋಡುತ್ತದೆಯೇ ಎಂಬುದು ನಮ್ಮ ಮುಂದಿನ ಪ್ರಶ್ನೆ. ನೀರು ಹಾಕುವುದಕ್ಕೆ ಒಂದು ನಿಮಿಷ ಸಾಕು. ನೋಡುವುದಕ್ಕೆ ಹೊತ್ತು ಬೇಕು. ಒಂದೇ ನೆಲದ ಅಕ್ಕಪಕ್ಕದ ತುಂಡುಗಳಲ್ಲಿ, ಒಂದೇ ನೀರು ಕುಡಿದು ಬೆಳೆಯುವ ಬೆಳೆಗಳಲ್ಲಿ ಒಂದರ ರುಚಿ ಮತ್ತೊಂದಕ್ಕಿಂತ ಮೇಲಾಗಿರುವುದನ್ನು ಗಮನಿಸುವಂತೆ ಪವಿತ್ರ ಕುರ್‌ಆನ್ ಅರ್ರಅ್‌ದ್ ಅಧ್ಯಾಯದ 4ನೆಯ ಸೂಕ್ತದಲ್ಲಿ ಕರೆಯುತ್ತದೆ. ಫಾತಿರ್ ಅಧ್ಯಾಯದ 27ನೆಯ ಸೂಕ್ತವು ಆಕಾಶದಿಂದ ಇಳಿಯುವ ನೀರಿನಿಂದ ಬಗೆಬಗೆಯ ಬಣ್ಣದ ಫಲಗಳು ಹೊರಬರುವುದನ್ನೂ, ಬೆಟ್ಟಗಳಲ್ಲಿ ಬಿಳಿ, ಕೆಂಪು, ಕಡುಗಪ್ಪು ಪಟ್ಟೆಗಳಿರುವುದನ್ನೂ ನೆನಪಿಸುತ್ತದೆ. ಅದರ ಮರುಸೂಕ್ತದಲ್ಲೇ ಅಲ್ಲಾಹನನ್ನು ಭಯಪಡುವವರು ಜ್ಞಾನವಂತರು ಎಂಬ ಮಾತು ಬರುತ್ತದೆ. ಬಣ್ಣಗಳ ಗಮನಿಕೆಗೂ ಜ್ಞಾನಕ್ಕೂ ಅಲ್ಲಿರುವ ಈ ನೆರೆತನವನ್ನು ನಾವು ಎಷ್ಟು ಸಲ ಓದಿ ಮುಂದೆ ಹೋಗಿದ್ದೇವೆ?

ಬಣ್ಣವನ್ನು ನೋಡಲು ಕಲಿಸುವ ಅತಿ ಸುಲಭದ ಸಾಧನ ಕುಂಚ. ಎಲೆಯ ಬಣ್ಣ ಯಾವುದೆಂದು ಮಗುವನ್ನು ಕೇಳಿ, ಹಸಿರು ಎನ್ನುತ್ತದೆ. ಆ ಎಲೆಯನ್ನು ಮುಂದಿಟ್ಟು ಬಣ್ಣ ಹಚ್ಚಲು ಹೇಳಿ. ಪೆಟ್ಟಿಗೆಯಲ್ಲಿರುವ ಹಸಿರು ಯಾವ ಎಲೆಗೂ ಹೊಂದುವುದಿಲ್ಲವೆಂದು ಅದಕ್ಕೇ ತಿಳಿಯುತ್ತದೆ. ಸವಣೂರಿನ ವೀಳ್ಯದೆಲೆಯ ಹಸಿರು ಒಂದು, ಕರಿಬೇವಿನದು ಇನ್ನೊಂದು. ಮಾವಿನ ಚಿಗುರು ತಾಮ್ರದ ಬಣ್ಣದಲ್ಲಿ ಹುಟ್ಟಿ ವಾರಗಳ ನಂತರ ಹಸಿರಾಗುತ್ತದೆ. ಬೇವಿನ ಎಳೆಯ ಎಲೆಯಲ್ಲಿ ಕೆಂಪಿನ ಛಾಯೆಯಿದೆ. ಹಳದಿಗೆ ನೀಲಿ ಬೆರೆಸಿ, ಅದಕ್ಕೊಂದು ಹನಿ ಕೆಂಪು ಸೇರಿಸಿ ತನ್ನ ಎಲೆಯ ಬಣ್ಣವನ್ನು ತಾನೇ ಹುಡುಕುವ ಮಗು, ಒಂದು ಮಧ್ಯಾಹ್ನದಲ್ಲಿ ಎಲೆಯನ್ನು ನೋಡಿದಷ್ಟು ಒಂದು ವರ್ಷದಲ್ಲೂ ನೋಡಿರುವುದಿಲ್ಲ. ಸುಬ್‌ಹಾನಲ್ಲಾಹ್ ಎಂಬ ಉದ್ಗಾರ ಆಗ ಕಣ್ಣಿನಿಂದ ಹೊರಟು ನಾಲಗೆಗೆ ಬರುತ್ತದೆ.

ಇನ್ನು ಭಯದ ವಿಷಯಕ್ಕೆ ಬರೋಣ. ಚಿತ್ರ ಎಂದೊಡನೆ ಹರಾಮ್ ಎಂದು ತೀರ್ಪು ಕೊಟ್ಟು ಮಕ್ಕಳ ಡ್ರಾಯಿಂಗ್ ಪುಸ್ತಕಗಳನ್ನು ಹರಿದುಹಾಕುವ ಮನೆಗಳು ನಮ್ಮ ಸುತ್ತಮುತ್ತ ಇವೆ. ಈ ಭಯಕ್ಕೆ ಆಧಾರವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಜೀವಿಗಳ ರೂಪ ರಚಿಸುವವರ ಬಗ್ಗೆ ಕಠಿಣ ಎಚ್ಚರಿಕೆ ನೀಡುವ ಹದೀಸ್‌ಗಳು ಪ್ರಬಲವಾಗಿಯೇ ಇವೆ. ಆದರೆ ಆ ಎಚ್ಚರಿಕೆಯ ಜೊತೆಗೇ ವರದಿಯಾಗಿರುವ ಒಂದು ಪ್ರಸಂಗವನ್ನು ಅನೇಕರು ಪೂರ್ತಿ ಓದುವುದಿಲ್ಲ. ಇಬ್ನು ಅಬ್ಬಾಸ್(ರ) ಅವರ ಬಳಿಗೆ ಒಬ್ಬ ಕುಶಲಕರ್ಮಿ ಬಂದು, ತನ್ನ ಜೀವನೋಪಾಯ ಕೈಕೆಲಸದಿಂದಲೇ, ತಾನು ಚಿತ್ರಗಳನ್ನು ಮಾಡುತ್ತೇನೆ ಎಂದು ನಿವೇದಿಸಿಕೊಂಡನು. ಅವರು ಪ್ರವಾದಿವರ್ಯರಿಂದ(ಸ) ತಾವು ಕೇಳಿದ್ದ ಎಚ್ಚರಿಕೆಯನ್ನು ಅವನಿಗೆ ತಿಳಿಸಿದರು. ಅವನ ಉಸಿರು ಮೇಲೆದ್ದಿತು, ಮುಖ ಹಳದಿಗಟ್ಟಿತು. ಆಗ ಇಬ್ನು ಅಬ್ಬಾಸ್(ರ), ಬಿಡಲಾಗದಿದ್ದರೆ ಮರಗಳನ್ನೂ ಆತ್ಮವಿಲ್ಲದ ವಸ್ತುಗಳನ್ನೂ ಬರೆದುಕೋ ಎಂದು ಅವನಿಗೆ ದಾರಿ ತೋರಿಸಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಪ್ರಸಂಗವಿದೆ.

ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಕಾನೂನಿನದು. ಗಿಡ, ಮರ, ಬೆಟ್ಟ, ನದಿ, ಮನೆ, ಪಾತ್ರೆಗಳ ಚಿತ್ರಕ್ಕೆ ಬಹುಪಾಲು ವಿದ್ವಾಂಸರು ಅನುಮತಿ ಕೊಟ್ಟದ್ದು ಈ ಮಾತಿನ ಆಧಾರದ ಮೇಲೆ. ತಾಬಿಈಗಳಲ್ಲಿ ಮುಜಾಹಿದ್(ರ) ಅವರು ಹಣ್ಣು ಬಿಡುವ ಮರದ ಚಿತ್ರವನ್ನು ಇಷ್ಟಪಡುತ್ತಿರಲಿಲ್ಲವೆಂಬ ಅಭಿಪ್ರಾಯ ಗ್ರಂಥಗಳಲ್ಲಿದೆ, ಆದರೆ ವಿದ್ವಾಂಸರ ಬಹುಮತ ಅದನ್ನು ಸ್ವೀಕರಿಸಲಿಲ್ಲ. ಎರಡನೆಯ ಪಾಠ ಶಿಕ್ಷಣದ್ದು. ಮುಖ ಹಳದಿಗಟ್ಟಿದ ಆ ಮನುಷ್ಯನನ್ನು ಇಬ್ನು ಅಬ್ಬಾಸ್(ರ) ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಲಿಲ್ಲ. ಒಂದು ಬಾಗಿಲು ಮುಚ್ಚಿದ್ದನ್ನು ತಿಳಿಸಿದ ನಾಲಗೆಯೇ ತೆರೆದಿರುವ ಬಾಗಿಲನ್ನೂ ತೋರಿಸಿತು. ನಮ್ಮ ಮಕ್ಕಳಿಗೆ ನಾವು ಅರ್ಧ ಹದೀಸನ್ನು ಮಾತ್ರ ತಲುಪಿಸುತ್ತಿದ್ದೇವೆ.

ನಮ್ಮ ತರಗತಿಯ ಹುಡುಗನೊಬ್ಬ ಬಂಕಾಪುರದ ಕೋಟೆಗೆ ಹೋಗಿ ಅಲ್ಲಿಯ ನವಿಲುಗಳನ್ನು ಕಂಡು ಬಂದಿದ್ದ. ಹಜರತ್, ನವಿಲಿನ ಚಿತ್ರ ಬರೆಯಬಹುದೇ ಎಂದು ಕೇಳಿದ. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆಯಿದೆ. ಮೂರ್ತಿಯ ವಿಷಯ ಬೇರೆ, ಕಾಗದದ ಚಿತ್ರದ ವಿಷಯ ಬೇರೆ, ಛಾಯಾಚಿತ್ರದ ವಿಷಯ ಬೇರೆ ಎಂದು ವಿಂಗಡಿಸಿದವರಿದ್ದಾರೆ. ಎಲ್ಲವನ್ನೂ ಒಂದೇ ಎಂದವರೂ ಇದ್ದಾರೆ. ಹತ್ತು ವರ್ಷದ ಹುಡುಗನ ಮುಂದೆ ಈ ಚರ್ಚೆಯನ್ನು ಹರಡಬೇಕಿಲ್ಲ. ಉದುರಿದ ಗರಿ ಸಿಕ್ಕಿದೆಯೇ ಎಂದು ಕೇಳಿದೆವು. ಸಿಕ್ಕಿದೆ ಎಂದ. ಹಾಗಾದರೆ ಗರಿಯನ್ನು ಬರೆ, ಗರಿಗೆ ಜೀವವಿಲ್ಲ, ನವಿಲಿನ ಬಣ್ಣವೆಲ್ಲ ಅದರಲ್ಲಿದೆ ಎಂದೆವು. ಅವನು ಮೂರು ದಿನ ಆ ಒಂದು ಗರಿಯನ್ನು ಬಿಡಲಿಲ್ಲ. ಅದರ ಕಣ್ಣಿನೊಳಗಿನ ನೀಲಿ ನೋಡುವ ಕೋನ ಬದಲಾದಂತೆ ಬದಲಾಗುತ್ತದೆಂಬುದನ್ನು ನಮಗೂ ತೋರಿಸಿದ. ಬೇಡವೆಂದು ಹೇಳಿ ಮುಗಿಸುವುದು ಸುಲಭವಿತ್ತು. ಆದರೆ ಅಂದು ಅವನು ದೀನಿನಿಂದ ಒಂದು ಹೆಜ್ಜೆ ದೂರ ಸರಿದು ನಿಲ್ಲುತ್ತಿದ್ದನು.

ಬಣ್ಣವು ಮುಸಲ್ಮಾನರ ಮನೆಗೆ ಹೊರಗಿನಿಂದ ಬಂದ ಅತಿಥಿಯೇನೂ ಅಲ್ಲ. ನಮ್ಮ ಬಂಕಾಪುರವೂ ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿ ಆಳ್ವಿಕೆಗೆ ಸೇರಿತ್ತು. ಆ ಬಿಜಾಪುರದ ಜಾಮಿಯಾ ಮಸೀದಿಯ ಮಿಹ್ರಾಬನ್ನು ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1636ರ ಸುಮಾರಿಗೆ, ಚಿನ್ನದ ಲೇಪ ಮತ್ತು ಬಣ್ಣಗಳಿಂದ ಅಲಂಕರಿಸಲಾಯಿತು. ಅಲ್ಲಿ ಗೂಡುಗಳನ್ನು ಚಿತ್ರಿಸಿ, ಅವುಗಳೊಳಗೆ ಪುಸ್ತಕಗಳು, ಹೂದಾನಿಗಳು, ತೂಗುದೀಪಗಳು ಇರುವಂತೆ ಬರೆದಿದ್ದಾರೆ. ಜೀವಿಯ ರೂಪ ಒಂದೂ ಇಲ್ಲ. ಚಿತ್ರಕಾರನು ಮಿತಿಯನ್ನು ಪಾಲಿಸಿದನು, ಆ ಮಿತಿಯೊಳಗೆ ತನ್ನ ಕೈಚಳಕವನ್ನು ಪೂರ್ತಿಯಾಗಿ ತೋರಿದನು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಒಂದು ಬೇಸಿಗೆ ಅರಮನೆ. ಸುತ್ತ ತೋಟ, ಒಳಗೆ ಗೋಡೆ ಕಮಾನುಗಳ ತುಂಬ ಬಳ್ಳಿ ಹೂಗಳ ಬಣ್ಣ. ಹೊರಗೋಡೆಯಲ್ಲಿ ಯುದ್ಧದ ದೃಶ್ಯಗಳೂ ಇವೆ, ಅವುಗಳಲ್ಲಿ ಮನುಷ್ಯರೂ ಕುದುರೆಗಳೂ ಇದ್ದಾರೆ ಎಂಬುದನ್ನು ಮರೆಮಾಚಬೇಕಿಲ್ಲ. ಅರಸರ ನಡೆ ನಮಗೆ ಧರ್ಮದ ಪ್ರಮಾಣವಲ್ಲ. ಆದರೆ ಬೇಸಿಗೆ, ತೋಟ, ಚಿತ್ರ ಈ ಮೂರನ್ನು ಒಂದೇ ಸೂರಿನಡಿ ತಂದವರು ನಮ್ಮ ನಾಡಿನಲ್ಲೇ ಇದ್ದರೆಂಬುದು ಇತಿಹಾಸ.

ಅವರ ತಂದೆ ಹೈದರ್ ಅಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ತೋಟವನ್ನು ಆರಂಭಿಸಿದರು. ಆ ತೋಟದಲ್ಲೇ ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಕಾರರು ಗಿಡಗಳನ್ನು ನೋಡಿ ನೋಡಿ ಬಣ್ಣದಲ್ಲಿ ದಾಖಲಿಸಿದರು. ಇನ್ನೂ ಹಿಂದೆ ಹೋದರೆ, ಮೊಘಲ್ ಚಿತ್ರಕಾರ ಉಸ್ತಾದ್ ಮನ್ಸೂರ್ ಕಾಶ್ಮೀರದ ನೂರಕ್ಕೂ ಹೆಚ್ಚು ಹೂಗಳನ್ನು ಬರೆದಿದ್ದರೆಂದು ಬಾದಷಾ ಜಹಾಂಗೀರ್ ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ನಮ್ಮ ಕಾಲದ ಉದಾಹರಣೆ ಬೇಕಾದರೆ ಬೀದರಿಗೆ ಹೋಗೋಣ. ಬಿದ್ರಿ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರ ಕಸುಬಿನಲ್ಲಿ ಚಿತ್ರವೇ ಒಂದು ಮುಖ್ಯ ಹೆಜ್ಜೆ. ಲೋಹದ ಪಾತ್ರೆಯ ಮೇಲೆ ಉಳಿಯಿಂದ ಬಳ್ಳಿ, ಎಲೆ, ಹೂಗಳ ರೇಖೆಯನ್ನು ಕೈಯಿಂದಲೇ ಎಳೆಯಬೇಕು. ಆಮೇಲೆ ಅದರೊಳಗೆ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನ ದ್ರಾವಣದಲ್ಲಿ ಪಾತ್ರೆಯನ್ನು ಕಪ್ಪಾಗಿಸುತ್ತಾರೆ. ಎಲೆಯ ಬಾಗನ್ನು ಬಾಲ್ಯದಲ್ಲಿ ನೋಡದ ಕೈಗೆ ಆ ರೇಖೆ ಒಲಿಯುವುದಿಲ್ಲ.

ಮರಗಳನ್ನಷ್ಟೇ ಬರೆದರೆ ಚಿತ್ರಕಲೆ ಬಡವಾಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡ ರುಮಾಲೆ ಚನ್ನಬಸವಯ್ಯನವರು ನಿಸರ್ಗದ ದೃಶ್ಯಗಳಿಗೆ, ಅದರಲ್ಲೂ ಬೆಂಗಳೂರಿನ ಹೂಬಿಟ್ಟ ಮರಗಳಿಗೆ, ತಮ್ಮ ಕುಂಚವನ್ನು ಮುಡಿಪಿಟ್ಟ ಸ್ವಾತಂತ್ರ್ಯ ಹೋರಾಟಗಾರರು. ಆ ವಸ್ತು ಅವರಿಗೆ ಬತ್ತಲಿಲ್ಲ. ನಮ್ಮ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿಯ ಶಿಲ್ಪಗಳ ವಿಷಯದಲ್ಲಿ ನಮ್ಮ ಧಾರ್ಮಿಕ ನಿಲುವು ಬೇರೆ. ಆದರೆ ಹಳ್ಳಿಯ ದಿನನಿತ್ಯದ ಬದುಕು, ನೊಗ, ನೇಗಿಲು, ಒಕ್ಕಣೆಯ ಕಣಗಳೆಲ್ಲ ಕಲೆಗೆ ಯೋಗ್ಯವಾದ ವಸ್ತುಗಳೆಂಬುದನ್ನು ಆ ಜಾಗ ತೋರಿಸುತ್ತದೆ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ಮೂರು ಪುರಾತನ ಬಾವೊಬಾಬ್ ಮರಗಳಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ ಅದನ್ನು ಎತ್ತಿ ಮತ್ತೆ ನೆಟ್ಟರು. ರಜೆಯಲ್ಲಿ ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಪೆನ್ಸಿಲು ಕೊಟ್ಟು, ಆ ಮರದ ಬುಡದ ಮಡಿಕೆಗಳನ್ನು ಬರೆಯಲು ಹೇಳಿ. ಫೋನಿನಲ್ಲಿ ತೆಗೆದ ಹತ್ತು ಫೋಟೋಗಳು ಮರೆತುಹೋಗುತ್ತವೆ, ಕೈಯಿಂದ ಬರೆದ ಒಂದು ಮರ ಮರೆಯುವುದಿಲ್ಲ.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಈದ್‌ನ ಹಿಂದಿನ ರಾತ್ರಿ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಅಮ್ಮಿಯೋ ಆಪಾಳೋ ಮೆಹಂದಿಯ ಕೋನ್ ಹಿಡಿದು ಮಗುವಿನ ಅಂಗೈಯ ಮೇಲೆ ಬಳ್ಳಿ ಹರಿಸುತ್ತಾಳೆ, ಮಾವಿನಕಾಯಿ ಬರೆಯುತ್ತಾಳೆ, ಬೆರಳ ತುದಿಗೆ ಎಲೆ ಇಡುತ್ತಾಳೆ. ಅಳತೆಪಟ್ಟಿಯಿಲ್ಲ, ಅಳಿಸುವ ರಬ್ಬರಿಲ್ಲ. ತಪ್ಪಿದ ಗೆರೆಯನ್ನು ಇನ್ನೊಂದು ಎಲೆಯಾಗಿ ತಿರುಗಿಸುವ ಜಾಣ್ಮೆ ಅವಳಿಗಿದೆ. ಅವಳನ್ನು ಯಾರೂ ಕಲಾವಿದೆ ಎಂದು ಕರೆದಿಲ್ಲ, ಅವಳೂ ಹಾಗೆ ತಿಳಿದುಕೊಂಡಿಲ್ಲ. ಹಿತ್ತಿಲ ಬೇಲಿಯಲ್ಲಿ ಬೆಳೆದ ಗೋರಂಟಿ ಗಿಡದ ಎಲೆ ಅರೆದು ಬಣ್ಣವಾಗುತ್ತದೆ, ಬಣ್ಣ ಕೈಯ ಮೇಲೆ ಮತ್ತೆ ಎಲೆಯಾಗುತ್ತದೆ. ತೋಟ ಮತ್ತು ಚಿತ್ರ ಎರಡೂ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಆಗಲೇ ಇವೆ. ಅದೇ ಬಳ್ಳಿಯನ್ನು ಅವಳು ಕಾಗದದ ಮೇಲೆ ಬರೆದರೆ ಆಕ್ಷೇಪಿಸುವ ನಾವು ಏನನ್ನು ರಕ್ಷಿಸುತ್ತಿದ್ದೇವೆ?

ಈ ಪ್ರಶ್ನೆಯನ್ನು ಕಟುವಾಗಿ ಕೇಳಲು ಕಾರಣವಿದೆ. ಹೂವಿನ ಚಿತ್ರ ಬರೆಯುವ ಮಗುವಿನ ಕೈಯಿಂದ ಪೆನ್ಸಿಲು ಕಸಿದುಕೊಳ್ಳುವ ಮನೆಯಲ್ಲೇ, ಅಳುವ ಮಗುವಿಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುವ ರೂಢಿಯೂ ಇದೆ. ಆ ಮೊಬೈಲಿನಲ್ಲಿ ಒಂದು ಗಂಟೆಯಲ್ಲಿ ಹಾದುಹೋಗುವ ಚಿತ್ರಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಮರ್ಯಾದೆಯವು ಎಷ್ಟು, ಮರ್ಯಾದೆಗೆಟ್ಟವು ಎಷ್ಟು ಎಂದು ನೋಡಲು ನಮಗೆ ಬಿಡುವಿಲ್ಲ. ಮಗು ತಾನೇ ಒಂದು ಎಲೆಯನ್ನು ಬರೆದರೆ ಪಾಪವೆಂದೂ, ಅನ್ಯರು ಮಾಡಿದ ಸಾವಿರ ಚಿತ್ರಗಳನ್ನು ನುಂಗಿದರೆ ಪರವಾಗಿಲ್ಲವೆಂದೂ ಕಲಿಸಿದರೆ, ಆ ಮಗುವಿಗೆ ದಕ್ಕುವುದು ದೀನ್ ಅಲ್ಲ, ಗೊಂದಲ. ಬೆಳೆದ ಮೇಲೆ ಅದು ಧರ್ಮವನ್ನು ಬೇಡಗಳ ಪಟ್ಟಿಯೆಂದು ನೆನಪಿಟ್ಟುಕೊಳ್ಳುತ್ತದೆ. ಅಲ್ಲಾಹನು ಸುಂದರನು, ಅವನು ಸೌಂದರ್ಯವನ್ನು ಮೆಚ್ಚುತ್ತಾನೆ ಎಂಬ ಅರ್ಥದ ಪ್ರವಾದಿ ವಚನವನ್ನು ನಾವು ಬಟ್ಟೆಬರೆಯ ವಿಷಯದಲ್ಲಿ ಉಲ್ಲೇಖಿಸುತ್ತೇವೆ. ಮಗುವಿನ ಕಣ್ಣಿನ ವಿಷಯದಲ್ಲಿ ಮರೆಯುತ್ತೇವೆ.

ಬಡವರಿಗೆ ಇದೆಲ್ಲ ಏಕೆ ಎಂಬ ಮಾತನ್ನು ಕೇಳಿದ್ದೇವೆ. ಕೂಲಿಗೆ ಹೋಗುವವರು, ಗ್ಯಾರೇಜಿನಲ್ಲಿ ದುಡಿಯುವವರು, ಸಂತೆಯಲ್ಲಿ ಕೂಡುವವರು ನಮ್ಮ ಸಮುದಾಯದಲ್ಲಿ ಹೆಚ್ಚು. ಆದರೆ ಶಾಲಾ ಮಕ್ಕಳ ಜಲವರ್ಣದ ಒಂದು ಸಣ್ಣ ಪೆಟ್ಟಿಗೆಯ ಬೆಲೆ ಒಂದು ತಿಂಗಳ ಮೊಬೈಲ್ ರೀಚಾರ್ಜಿಗಿಂತ ಕಡಿಮೆ. ಒಡೆದ ಬಕೀಟು, ಎಣ್ಣೆಯ ಡಬ್ಬಿ, ಸಿಮೆಂಟಿನ ಚೀಲ ಕುಂಡಗಳಾಗುತ್ತವೆ. ಪೆಟ್ಟಿಗೆ ಕೊಳ್ಳುವುದೂ ಕಷ್ಟವಾದರೆ ನಮ್ಮ ಅಡುಗೆಮನೆಯೂ ನೆಲವೂ ಬಣ್ಣ ಕೊಡುತ್ತವೆ. ಅರಿಶಿನ ಹಳದಿ, ಇದ್ದಿಲು ಕಪ್ಪು, ಕಾಡಿನ ಕಡೆಯ ಮಣ್ಣು ಕೆಂಪು, ಎರೆಮಣ್ಣು ಕಂದುಗಪ್ಪು. ಇವನ್ನು ನುಣ್ಣಗೆ ಜರಡಿ ಹಿಡಿದು ಅಂಟಿನ ನೀರಿನಲ್ಲಿ ಕಲಸಿದರೆ ಕುಂಚಕ್ಕೆ ಬರುತ್ತವೆ. ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ದೇಶದಾಚೆಯೂ ಹೆಸರು ಬಂದದ್ದು ಖಾರಕ್ಕಿಂತ ಹೆಚ್ಚಾಗಿ ಅದರ ಕೆಂಪಿನಿಂದ ಎಂಬುದನ್ನು ಮಕ್ಕಳಿಗೆ ಹೇಳಿ. ಬಣ್ಣದಿಂದ ಅನ್ನ ಹುಟ್ಟುವ ನಾಡು ಇದು.

ಓದು ಹಾಳಾಗುವುದೆಂಬ ಚಿಂತೆಯೂ ಬೇಡ. ದಿನದ ಬಹುಭಾಗವನ್ನು ಕುರ್‌ಆನ್ ಪಾಠಕ್ಕೆ, ಮನೆಗೆಲಸಕ್ಕೆ, ಆಟಕ್ಕೆ ಇಡಿ. ಫಜ್ರ್ ನಮಾಝಿನ ನಂತರ ಗಿಡಗಳಿಗೆ ನೀರು. ಝುಹ್ರ್ ಮತ್ತು ಊಟದ ನಂತರ, ಹೊರಗೆ ಹೋಗಲಾಗದ ಬಿಸಿಲ ಹೊತ್ತಿನಲ್ಲಿ, ಒಂದು ಗಂಟೆ ಚಿತ್ರ. ಅಸ್ರ್ ನಂತರ ಮತ್ತೆ ಹಿತ್ತಿಲು. ನಮಾಝಿನ ವೇಳೆಗಳು ದಿನವನ್ನು ಆಗಲೇ ಭಾಗ ಮಾಡಿಕೊಟ್ಟಿವೆ, ಅದರೊಳಗೆ ಕೆಲಸವನ್ನು ಕೂಡಿಸಿದರೆ ಸಾಕು. ಚಿತ್ರದಲ್ಲಿ ಆಸಕ್ತಿ ನೆಲೆಸಿದ ಮಕ್ಕಳಿಗೆ ಮುಂದೆ ಲೋಯರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿವೆ. ವಿನ್ಯಾಸ, ಮುದ್ರಣ, ಕಸೂತಿ, ಕಟ್ಟಡದ ನಕ್ಷೆ ಇವೆಲ್ಲವೂ ರೇಖೆಯನ್ನು ಬಲ್ಲ ಕೈಗೆ ದೊರೆಯುವ ಉದ್ಯೋಗಗಳು. ಆದರೆ ಉದ್ಯೋಗದ ಆಸೆಯನ್ನು ಮೊದಲ ದಿನವೇ ಮಗುವಿನ ತಲೆಯ ಮೇಲೆ ಹೇರಬೇಡಿ.

ಕಲಿಸುವ ಕ್ರಮದ ಬಗ್ಗೆ ಎರಡು ಮಾತು. ಮೊದಲ ವಾರ ಬಣ್ಣ ಕೊಡಬೇಡಿ, ಪೆನ್ಸಿಲು ಮಾತ್ರ ಕೊಡಿ. ದಿನಕ್ಕೊಂದು ಎಲೆ ಸಾಕು. ಕಾಗದವನ್ನು ನೋಡಿದ್ದಕ್ಕಿಂತ ಎಲೆಯನ್ನು ಹೆಚ್ಚು ನೋಡಲು ಹೇಳಿ. ಎರಡನೆಯ ವಾರ ಕೆಂಪು, ಹಳದಿ, ನೀಲಿ ಮೂರೇ ಬಣ್ಣ ಕೊಟ್ಟು ಉಳಿದವನ್ನು ಅದೇ ಬೆರೆಸಿಕೊಳ್ಳಲಿ. ಪುಟದ ಮೂಲೆಯಲ್ಲಿ ತಾರೀಖು ಬರೆಸಿ. ಬೀಜ ಮೊಳೆತ ದಿನ, ಮೊದಲ ಎಲೆ, ಮೊದಲ ಹೂ, ಮೊದಲ ಕಾಯಿ ಹೀಗೆ ಒಂದೇ ಬೆಂಡೆಗಿಡದ ಚಿತ್ರಗಳು ಮೇ ಕೊನೆಯ ಹೊತ್ತಿಗೆ ಒಂದು ಸಣ್ಣ ಪುಸ್ತಕವಾಗುತ್ತವೆ. ಅದನ್ನು ಸ್ಟೇಟಸ್ಸಿಗೆ ಹಾಕಬೇಡಿ, ಪಕ್ಕದ ಮನೆಯ ಮಗುವಿನ ಪುಸ್ತಕದೊಡನೆ ಹೋಲಿಸಬೇಡಿ. ಹೊಗಳಿಕೆಗಾಗಿ ಬರೆಯುವ ಮಗು ಗಿಡವನ್ನು ನೋಡುವುದನ್ನು ಬಿಟ್ಟು ನಮ್ಮ ಮುಖವನ್ನು ನೋಡತೊಡಗುತ್ತದೆ.

ಮತ್ತೊಂದು ವಿಷಯವನ್ನು ಗಂಡಸರ ಗಮನಕ್ಕೆ ತರಬೇಕಾಗಿದೆ. ಹಿತ್ತಿಲಿನ ಹೊಣೆಯೂ ಕೊನೆಗೆ ಮನೆಯಾಕೆಯ ಹೆಗಲಿಗೇ ಬೀಳುವುದಾದರೆ ಈ ಲೇಖನದಿಂದ ಅವಳಿಗೆ ಇನ್ನೊಂದು ಕೆಲಸ ಹೆಚ್ಚಾದಂತಾಗುತ್ತದೆ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಆಯಿಷಾ(ರ) ತಿಳಿಸಿದ್ದಾರೆ. ನೀರು ಹೊರುವುದು, ಮಣ್ಣು ಅಗೆಯುವುದು ತಂದೆ ಮತ್ತು ಗಂಡುಮಕ್ಕಳ ಪಾಲಿಗೆ ಬರಲಿ. ಮಧ್ಯಾಹ್ನ ಮಕ್ಕಳು ಬಣ್ಣದ ಪೆಟ್ಟಿಗೆ ತೆರೆದು ಕುಳಿತಾಗ ತಾಯಿಯೂ ಒಂದು ಕಾಗದ ತೆಗೆದುಕೊಂಡು ಕೂಡಲಿ. ನಲವತ್ತರ ವಯಸ್ಸು ಕಲಿಯಲು ತಡವೇನಲ್ಲ. ಮೆಹಂದಿಯಲ್ಲಿ ಪಳಗಿದ ಕೈ ಕುಂಚವನ್ನು ಬೇಗ ಗುರುತಿಸುತ್ತದೆ. ತಾಯಿ ಕಲಿಯುವುದನ್ನು ಕಂಡ ಮಗುವಿಗೆ ಕಲಿಯುವುದೆಂದರೆ ಶಿಕ್ಷೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಕೈಯಲ್ಲಿ ಸಸಿಯಿದ್ದು ಅಂತ್ಯದಿನ ಬಂದೇ ಬಿಟ್ಟರೂ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂಬ ಪ್ರವಾದಿ ಬೋಧನೆ ನಮಗೆಲ್ಲ ಪರಿಚಿತ. ಅದರ ನೆರಳಿನಲ್ಲಿ ಯಾರೂ ಕೂಡುವುದಿಲ್ಲ, ಅದರ ಹಣ್ಣನ್ನು ಯಾರೂ ತಿನ್ನುವುದಿಲ್ಲ. ಆದರೂ ನೆಡಬೇಕು. ಫಲವನ್ನು ಲೆಕ್ಕ ಹಾಕದೆ ಒಳ್ಳೆಯ ಕೆಲಸವನ್ನು ಪೂರ್ತಿ ಮಾಡುವ ಆ ಮನಸ್ಸನ್ನೇ ನಾವು ಮಕ್ಕಳಿಗೆ ಕೊಡಬೇಕಾಗಿದೆ. ಒಂದು ಎಲೆಯ ಬಣ್ಣಕ್ಕಾಗಿ ಮೂರು ಮಧ್ಯಾಹ್ನ ತಾಳ್ಮೆಯಿಂದ ಕುಳಿತ ಮಗುವಿಗೆ ಆ ಬೋಧನೆ ದೂರದ ಮಾತಾಗಿ ಕೇಳಿಸದು. ಮೊದಲ ಮಳೆ ಬರುವ ಹೊತ್ತಿಗೆ ನಮ್ಮ ಹಿತ್ತಿಲುಗಳಲ್ಲಿ ಒಂದಿಷ್ಟು ಹಸಿರೂ, ನಮ್ಮ ಮಕ್ಕಳ ಪುಟಗಳಲ್ಲಿ ಆ ಹಸಿರಿನ ಗುರುತೂ ಇರುವಂತೆ ಅಲ್ಲಾಹನು ಅನುಗ್ರಹಿಸಲಿ. ಅವನ ಸೃಷ್ಟಿಯನ್ನು ಕಣ್ಣು ತೆರೆದು ನೋಡುವ, ನೋಡಿ ಕೃತಜ್ಞರಾಗುವ ಭಾಗ್ಯವನ್ನು ನಮಗೂ ನಮ್ಮ ಸಂತತಿಗೂ ಕರುಣಿಸಲಿ. ಆಮೀನ್.